ಅವ್ವ ಹಿಡಿದ ಮಂಡಲದ ನೇಮ

ಭಾನುವಾರ ಬೆಳಿಗ್ಗೆ ನಾನು ಬೀದರಿನ ಹೆಂಗಸರಿಗೆ ಶಾಂತಿ ಕಲಿಸುತ್ತೇನೆ. ಉಳಿದ ದಿನ ಜಗಳವಾಡುತ್ತೇನೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನಮ್ಮ ಗುಂಪಾ ಬಡಾವಣೆಯ ಆಟೋದವರು ಹೇಳುತ್ತಾರೆ, ಅದೂ ಉಪ್ಪು ಖಾರ ಹಚ್ಚಿ. ಹೆಸರು ಬಸವೇಶ್ವರಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ವಯಸ್ಸು ನಲವತ್ತು ದಾಟಿದೆ, ಮದುವೆ ಆಗಿಲ್ಲ. ಅದರ ಬಗ್ಗೆ ನನಗಿಲ್ಲದ ಚಿಂತೆ ನಮ್ಮೂರಿರುವ ಇಡೀ ಔರಾದ ತಾಲೂಕಿಗೆ ಇದೆ.

ನಾನು ಕಲಿಸುವುದು ಮಂಡಲ ಬರೆಯುವುದನ್ನು. ಹಾಳೆಯ ನಟ್ಟನಡುವೆ ಒಂದು ಚುಕ್ಕಿ. ಅದನ್ನು ಇಡುವ ಮೊದಲು ಕಣ್ಣು ಮುಚ್ಚಿ ಒಂದೇ ಒಂದು ಸಂಕಲ್ಪ ಮಾಡಬೇಕು. ಆಮೇಲೆ ಚುಕ್ಕಿಯ ಸುತ್ತ ವೃತ್ತ, ವೃತ್ತದ ಸುತ್ತ ಎಸಳು, ಎಸಳಿನ ಸುತ್ತ ಮತ್ತೆ ವೃತ್ತ. ಹೀಗೆ ಒಳಗಿನಿಂದ ಹೊರಗೆ. ಮಾತಿಲ್ಲ, ಫೋನಿಲ್ಲ. ಮನಸ್ಸು ಒಲೆಯ ಮೇಲಿನ ಹಾಲಿನ ಕಡೆ ಓಡಿದರೆ ಬೈಯದೆ ಕರೆತಂದು ಗೆರೆಯ ಮೇಲೆ ಕೂರಿಸಬೇಕು. ತಪ್ಪಾದರೆ ರಬ್ಬರ್ ಮುಟ್ಟುವಂತಿಲ್ಲ, ಅದೇ ತಪ್ಪನ್ನು ಸುತ್ತಲೂ ಮಾಡಿದರೆ ಅದೇ ಡಿಸೈನು. ಸಂಕಲ್ಪವೆಂದರೆ ದೇವರ ಕೈಗೆ ಕಿರಾಣಿ ಚೀಟಿ ಕೊಡುವುದಲ್ಲ, ನಾನು ಹೇಗಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುವುದು ಅಂತ ಪ್ರತಿ ಕ್ಲಾಸಿನಲ್ಲೂ ಗಂಟಲು ಹರಿದುಕೊಳ್ಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಿ, ಮಗನ ನೀಟ್ ರ‍್ಯಾಂಕು ನೆನೆಯುತ್ತಾ ಚುಕ್ಕಿ ಇಡುತ್ತಾರೆ.

ಈ ಕಥೆ ನಡೆದ ವರ್ಷ ನನ್ನ ಚುಕ್ಕಿಯೂ ಅಷ್ಟೇನೂ ಶುದ್ಧವಾಗಿರಲಿಲ್ಲ. ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದೆ. ಒಂಟಿ ಹೆಂಗಸಿಗೂ ಮಗು ಕೊಡುತ್ತಾರೆ, ಕಾನೂನು ಇದೆ, ನೌಕರಿ ಇದೆ, ಮನೆ ಇದೆ. ಇಲ್ಲದ್ದು ಒಂದೇ: ಅವ್ವನಿಗೆ ಹೇಳುವ ಧೈರ್ಯ. ಅವ್ವ ಒಪ್ಪದಿದ್ದರೂ ಕಾನೂನಿಗೆ ಏನೂ ಆಗುತ್ತಿರಲಿಲ್ಲ. ಆಗುತ್ತಿದ್ದುದು ನನಗೆ. ಈಗಾಗಲೇ ಒಮ್ಮೆ ಯಾರಿಗೋ ಬೇಡವಾದ ಕೂಸು ಅದು. ಅದನ್ನು ತಂದು, ಮುಖ ತಿರುಗಿಸುವ ಅಜ್ಜಿಯ ಮುಂದೆ ನಿಲ್ಲಿಸುವುದು ನನ್ನಿಂದ ಆಗದು. ಅವ್ವ "ಬ್ಯಾಡ" ಅಂದರೆ ಅರ್ಜಿ ವಾಪಸ್ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ. ಹಾಗಾಗಿ ಅವಳನ್ನು ಕೇಳುವುದನ್ನೇ ಮುಂದೂಡುತ್ತಾ ಬಂದೆ. ವಿಷಯ ಗೊತ್ತಿದ್ದವರು ಕೆಳಗಿನ ಮನೆಯ ಅಂಜುಮ ಆಪಾ ಒಬ್ಬರೇ.

ದಸರೆ ಮುಗಿದ ಮೇಲೆ ಅವ್ವ ಕಣ್ಣು ತೋರಿಸಲು ಊರಿನಿಂದ ಬಂದಳು. ಅವ್ವ ಎಂದರೆ ಕಸ್ತೂರಿಬಾಯಿ; ಊರು ಠಾಣಾ ಕುಶನೂರ. ಬಸ್ಸಿನಿಂದ ಇಳಿದವಳೇ ಆಡಿದ ಮೊದಲ ಮಾತು, "ಭಾಲ್ಕಿ ಕಡಿ ಒಂದು ಸಂಬಂಧ ಅದ, ಎರಡನೇದು, ಆದ್ರ ಮನುಷ್ಯಾ ಭಾಳ ಛಲೋ ಅಂತ." ನಾನು ಅವಳ ಚೀಲ ಕಸಿದುಕೊಂಡು ಮುಂದೆ ನಡೆದೆ.

ಭಾನುವಾರ ಕ್ಲಾಸಿಗೆ ಹೆಂಗಸರು ಬಂದರು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನ್ ಬಸು, ಹಾಳಿ ಮ್ಯಾಲ ರಂಗೋಲಿ?"

"ರಂಗೋಲಿ ಅಲ್ಲ ಅವ್ವಾ. ನೀ ದಿನಾ ಲಿಂಗಪೂಜಿಗಿ ಕೂಡ್ತಿಯಲ್ಲ, ಅಂಗೈಯಾಗಿನ ಲಿಂಗದ ಮ್ಯಾಲ ಕಣ್ಣು, ಅಲ್ಲೇ ಮನಸ್ಸು. ಇದೂ ಹಂಗೇ ಅಂತ ತಿಳ್ಕೋ."

ಹೀಗೆ ಹೇಳಿ ನಾನು ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ. ಅವ್ವ ಸರಕ್ಕನೆ ಒಳಗೆ ಹೋಗಿ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ಹೊದ್ದು ಬಂದು ಚಾಪೆಯ ಮೇಲೆ ಪದ್ಮಾಸನ ಹಾಕಿದಳು. ನಾನು ಕೊಟ್ಟ ಕೈವಾರವನ್ನು ಅನುಮಾನದಿಂದ ನೋಡಿ ಪಕ್ಕಕ್ಕಿಟ್ಟು, ಕೈಯ ಬಳೆ ಬಿಚ್ಚಿ ಹಾಳೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದಳು. ಆಮೇಲೆ ಅಡುಗೆಮನೆಯಿಂದ ನೀರಿನ ಚೆರಿಗೆ ಬಂತು, ಅದರ ಸುತ್ತ ಇನ್ನೊಂದು ವೃತ್ತ. ಪಕ್ಕದ ಹೆಂಗಸನ್ನು ಮೆಲ್ಲಗೆ ಕೇಳಿದಳು, "ಇದ್ರಾಗ ನೆನೆದದ್ದು ಆಗ್ತದೇನ್ರಿ?"

"ಆಗ್ತದ್ರೀ ಅಮ್ಮಾ," ಎಂದಳು ಆ ಪುಣ್ಯಾತ್ಗಿತ್ತಿ. "ನನ್ನ ಮಗಳಿಗಿ ಹೈದರಾಬಾದದಾಗ ನೌಕರಿ ಹತ್ತೇಬಿಡ್ತು."

ಅವ್ವನ ಕಣ್ಣು ಹೊಳೆದ ರೀತಿ ನೋಡಿಯೇ ನನಗೆ ತಿಳಿಯಬೇಕಿತ್ತು. ಆದರೆ ನನಗೆ ಅವಳು ಒಂದು ತಾಸು ಮದುವೆಯ ಮಾತೆತ್ತದೆ ಕೂತದ್ದೇ ದೊಡ್ಡ ಹಬ್ಬವಾಗಿತ್ತು. ಊರಿಗೆ ಹೊರಟಾಗ ಒಂದು ಕಟ್ಟು ಹಾಳೆ, ಎರಡು ಪೆನ್ನು ಕೊಟ್ಟು ಕಳಿಸಿದೆ. ಖುಷಿಯಿಂದಲೇ ಕೊಟ್ಟೆ, ದಡ್ಡಿ ನಾನು.

ದೀಪಾವಳಿಯ ಹೊತ್ತಿಗೆ ಭಾಲ್ಕಿಯಿಂದ ತಮ್ಮ ಅಮಿತಕುಮಾರನ ಫೋನು ಬಂತು. ಅವನಿಗೆ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ.

"ಅಕ್ಕಾ, ನೀ ಎಂದೂ ಮದಿವಿ ಆಗಬ್ಯಾಡ. ಕೈ ಮುಗೀತೀನಿ."

"ಏನ್ ತಲಿ ಕೆಟ್ಟದೇನೋ ನಿಂದು?"

"ನನ್ನ ಹೆಂಡ್ತಿ ದಿನಾ ಬೆಳಗ್ಗೆ ಒಂದು ತಾಸು ಮಾತಾಡದೇ ಕೂಡ್ಲತ್ತಾಳ. ಮಂಡಲ ಅಂತ. ನಿನ್ನ ಮದಿವಿ ನೇಮ ಅಂತ. ನೀ ಮದಿವಿ ಆದ್ರ ಅದು ನಿಂದರ್ತದ. ನಂಗ ಅದು ನಿಂದರೂದು ಬ್ಯಾಡಾಗ್ಯದ, ಮನಿ ಭಾಳ ಶಾಂತ ಅದ."

ಹಾಗೆ ನನಗೆ ಸುದ್ದಿ ಗೊತ್ತಾಯಿತು. ಅವ್ವ ಅದನ್ನು ನೇಮವಾಗಿ ಹಿಡಿದಿದ್ದಳು. ನಸುಕಿನಲ್ಲಿ ಎದ್ದು, ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಬಾಯಿಗೆ ಹನಿ ನೀರೂ ಹಾಕದೆ ಒಂದು ಮಂಡಲ. ನಡುವಿನ ಚುಕ್ಕಿಯಲ್ಲಿ 'ಬಸೂನ ಮದಿವಿ'. ಒಬ್ಬಳೇ ಮಾಡಿದ್ದರೆ ಸುಮ್ಮನಿರಬಹುದಿತ್ತು. ಚಿಂತಾಕಿಯಲ್ಲಿದ್ದ ಸೋದರತ್ತೆ ಚಂದ್ರಭಾಗಾಳಿಗೆ ಹಚ್ಚಿದಳು, ಭಾಲ್ಕಿಯ ಸೊಸೆಗೆ ಹಚ್ಚಿದಳು, ಸಂತಪುರದ ತವರಿನವರಿಗೆ ಹಚ್ಚಿದಳು. ಒಬ್ಬಳು ಹಂಚಿನಿಂದ ವೃತ್ತ ಬರೆದರೆ ಇನ್ನೊಬ್ಬಳು ಹಿಟ್ಟು ಸೋಸುವ ಜರಡಿಯಿಂದ. ಹಾಳೆ ಮುಗಿದಾಗ ಚಂದ್ರಭಾಗಾ ಅತ್ತಿ ಬೇರೆಯವರ ಲಗ್ನಪತ್ರಿಕೆಗಳ ಬೆನ್ನ ಮೇಲೆ ಬರೆದಳಂತೆ, ಶುಭವಾಗುತ್ತದೆ ಎಂದು. ನಮ್ಮ ಅಪ್ಪ ಮನ್ಮಥಪ್ಪ, ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ, ಅವನೂ ತೊಗರಿ ಹೊಲದ ಪಕ್ಕದ ಬಯಲಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿ ನೆಲದ ಮೇಲೆ ಒಂದು ದೊಡ್ಡ ವೃತ್ತ ಎಳೆದುಕೊಟ್ಟನಂತೆ. ಅದರ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ನೋಡಿದರೆ ಚೆನ್ನಾಗಿಯೇ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಅವ್ವನಿಗೆ ಫೋನು ಹಚ್ಚಿ ಕೂಗಾಡಿದೆ. ಮಂಡಲ ಹರಕೆ ಅಲ್ಲ, ನೇಮ ಅಲ್ಲ, ಮತ್ತೊಬ್ಬರ ಮದುವೆ ನಡುವಿಟ್ಟು ಬರೆಯುವಂತಿಲ್ಲ ಎಂದೆ.

"ಶಾಂತಿ ಕಲಿಸಾಕಿ ನೀ," ಎಂದಳು ಅವ್ವ, ನೀರು ಕುಡಿದಷ್ಟು ತಣ್ಣಗೆ. "ಹಿಂಗ ಒದರ್ತಾರೇನು? ಕೂತು ಒಂದು ಮಂಡಲ ಬರಿ ಹೋಗು."

ನನ್ನ ವಿದ್ಯೆ ನನಗೇ ತಿರುಗಿ ಹೊಡೆಯಿತು. ಕೆಳಗೆ ಹೋಗಿ ಅಂಜುಮ ಆಪಾ ಮುಂದೆ ಗೋಳು ತೋಡಿಕೊಂಡರೆ ಅವರು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕರು. "ಅಲ್ಲಾ ಬಸು, ಅಷ್ಟು ಮಂದಿ ನಿನ್ನ ಹೆಸರು ತಗೊಂಡು ದಿನಾ ಬೆಳಗ್ಗೆ ದುವಾ ಮಾಡ್ಲತ್ತಾರ. ನಿಂಗ್ಯಾಕ ತಕಲೀಫು? ಅವ್ವಗ ಖರೆ ಹೇಳಿಬಿಡು."

"ಹೇಳ್ತೇನ್ರಿ ಆಪಾ, ದತ್ತಕದ ಅಫೀಸರ್ ಬಂದು ಹೋಗಲಿ."

ಆ ಅಫೀಸರ್ ಬಂದದ್ದು ಎಳ್ಳ ಅಮಾವಾಸ್ಯೆಯ ಮುಂಚಿನ ಒಂದು ಶನಿವಾರ ಮಧ್ಯಾಹ್ನ. ದತ್ತು ಕೊಡುವ ಮೊದಲು ಒಬ್ಬರು ಮನೆ ನೋಡಲು ಬರುತ್ತಾರೆ, ಮನೆ ಹೇಗಿದೆ, ಮನುಷ್ಯರು ಹೇಗೆ, ಮಗುವಿಗೆ ಯಾರು ಯಾರು ಇದ್ದಾರೆ ಎಂದು ವಿಚಾರಿಸುತ್ತಾರೆ. ಬಂದವರು ಸುಶೀಲಕುಮಾರ ಎಂಬವರು. ನನ್ನ ವಾರಿಗೆಯವರು, ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು. ನಾನು ಬೆಳಿಗ್ಗೆಯಿಂದ ನೆಲ ಒರೆಸಿ ಒರೆಸಿ ಕನ್ನಡಿ ಮಾಡಿದ್ದೆ, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದೆ. ಅವರು ಮನೆಯೆಲ್ಲ ನೋಡಿ, ಗೋಡೆಯ ಮೇಲಿನ ಮಂಡಲಗಳನ್ನು ಮೆಚ್ಚಿ, ಕುರ್ಚಿಯ ಮೇಲೆ ಕೂತರು. ನಾನು ಚಹಾ ಮಾಡಲು ಒಳಗೆ ಹೋದೆ.

ಅದೇ ಹೊತ್ತಿಗೆ ಕೆಳಗೆ ಆಟೋ ನಿಂತಿತು. ಅವ್ವ ಮತ್ತು ಚಂದ್ರಭಾಗಾ ಅತ್ತಿ, ಬಗಲಲ್ಲಿ ಮಂಡಲಗಳ ಕಟ್ಟು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಹಿಡಿದಷ್ಟು ದಿನದ ನೇಮ ಅಂದು ಮುಗಿದಿತ್ತಂತೆ. ಮುಗಿದ ದಿನ ಎಲ್ಲವನ್ನೂ ಯಾರ ಹೆಸರಲ್ಲಿ ಬರೆದರೋ ಅವರ ಮಡಿಲಿಗೆ ಹಾಕಬೇಕೆಂದು ಅತ್ತಿಯೇ ಒಂದು ಶಾಸ್ತ್ರ ಹುಟ್ಟಿಸಿದ್ದಳು. ಅಂಜುಮ ಆಪಾ ಅವರಿಗೆ ನೀರು ಕೊಟ್ಟು, "ಮ್ಯಾಲ ಹೋಗ್ರಿ, ಬಸೂನ ಸಂಬಂಧ ಒಬ್ಬರು ಸಾಹೇಬರು ಬಂದಾರ" ಎಂದಷ್ಟೇ ಹೇಳಿದರಂತೆ. ಅವ್ವನಿಗೆ ನಾನು ಎಲ್ಲಾ ಹೇಳಿಯೇ ಕರೆಸಿದ್ದೇನೆ ಎಂದು ಆಪಾ ತಿಳಿದಿದ್ದರು.

ಚಹಾದ ತಾಟು ಹಿಡಿದು ನಾನು ಹೊರಗೆ ಬಂದೆ. ಎದುರಿಗೆ ಚಾಪೆಯ ಮೇಲೆ ಅವ್ವ ಮತ್ತು ಅತ್ತಿ, ಇಬ್ಬರ ತಲೆಯ ಮೇಲೂ ಸೆರಗು. ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಗಂಡಸು. ನಡುವೆ ಇಳಕಲ್ ಸೀರೆಯುಟ್ಟು ತಾಟು ಹಿಡಿದ ನಾನು. ಯಾವ ತಾಯಿಯಾದರೂ ಇನ್ನೇನು ತಿಳಿದಾಳು? ಅವ್ವನ ಕಣ್ಣಲ್ಲಿ ನೀರು ನಿಂತಿತ್ತು. ನನ್ನನ್ನು ನೋಡಿ ತಲೆ ಬಗ್ಗಿಸು ಎಂದು ಸನ್ನೆ ಮಾಡಿದಳು. ನಾನು ಬಾಯಿ ತೆರೆಯುವ ಮೊದಲೇ ಮಾತು ಮುಂದೆ ಓಡಿತ್ತು.

"ನೀವು ಬಂದಿದ್ದು ಛಲೋ ಆಯ್ತ್ರಿ ಅಮ್ಮಾ," ಎನ್ನುತ್ತಿದ್ದರು ಸುಶೀಲಕುಮಾರ. "ಮನಿ ಮಂದಿ ಕೂಡ ಮಾತಾಡದೇ ಮುಂದ ಹೋಗಾಕ ಬರಂಗಿಲ್ರಿ ನಮಗ."

"ಬರೋಬರಿ ಅದರಿ," ಎಂದಳು ಅತ್ತಿ. "ಈಗಿನ ಕಾಲದಾಗ ಹಿರಿಯರಿಗಿ ಇಷ್ಟ ಕೇಳೋರು ಯಾರದಾರ್ರೀ?"

"ನಿಮ್ಮದು ಪೂರಾ ಒಪ್ಪಿಗಿ ಅದನ್ರಿ?"

"ಎರಡೂ ಕೈಲೆ ಒಪ್ಪಿಗಿ ಅದರಿ," ಎಂದಳು ಅವ್ವ.

"ಮೇಡಂಗ ಜರಾ ಸಿಟ್ಟು ಅಂತ ಕೆಳಗ ಆಟೋದವರು ಹೇಳಿದ್ರು."

"ಸುಳ್ಳ್ಯಾಕ ಹೇಳ್ಲಿ, ಸಿಟ್ಟು ಅದರಿ. ಹಾಲು ಉಕ್ಕಿದಂಗ ಬರ್ತದ, ಹಂಗೇ ಇಳಿತದ. ಹೊಟ್ಟ್ಯಾಗ ಏನೂ ಇಟ್ಕೊಳ್ಳಂಗಿಲ್ರಿ ನನ್ನ ಮಗಳು."

ಸುಶೀಲಕುಮಾರರಿಗೆ ಈ ಮಾತು ಹಿಡಿಸಿತು. ಚಹಾದ ಕಪ್ಪು ತಾವೇ ತಾಟಿನಿಂದ ತೆಗೆದುಕೊಂಡು, ಎಲ್ಲ ಮನೆಗಳಲ್ಲೂ ಹೇಳುವ ಮಾತನ್ನು ಇಲ್ಲೂ ಹೇಳಿದರು. "ಮೊದಮೊದಲು ತ್ರಾಸ್ ಇರ್ತದ್ರಿ ಅಮ್ಮಾ. ಹೊಸ ಮನಿ, ಹೊಸ ಮಂದಿ. ರಾತ್ರಿ ಎದ್ದು ಅಳೂದು, ಹಾಸಿಗಿ ಒದ್ದಿ ಆಗೂದು, ಎಲ್ಲಾ ಇರ್ತದ. ಯಾರೂ ಬೈಯಬಾರದು."

ಅತ್ತಿ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಈ ವಯಸ್ಸಿನ್ಯಾಗನೂ ಏನ್ರಿ?"

"ಯಾವ ವಯಸ್ಸಿನ್ಯಾಗ ಬಂದ್ರೂ ಇರ್ತದ್ರಿ."

ಅತ್ತಿ ಅವ್ವನ ಕಿವಿಗೆ ಬಾಗಿದಳು. ಅವಳ ಪಿಸುಮಾತು ಕೆಳಗಿನ ಆಟೋಸ್ಟ್ಯಾಂಡಿಗೂ ಕೇಳುವಂಥದ್ದು. "ಕಸ್ತೂರಿ, ಆದದ್ದಾಗಲಿ, ಮನುಷ್ಯಾ ಮೊದಲೇ ಖರೆ ಹೇಳ್ಲತ್ತಾನ. ಅದು ದೊಡ್ಡದು."

"ಅದಕ್ಕ ಊರಾಗ ಔಷಧ ಅದರಿ," ಎಂದಳು ಅವ್ವ ಬಲು ಮರ್ಯಾದೆಯಿಂದ, ಸುಶೀಲಕುಮಾರರ ಮುಖ ನೋಡದೆ. "ನೀವು ಫಿಕರ್ ಮಾಡಬ್ಯಾಡ್ರಿ. ಮನಿಯವರೇ ಅಂತ ತಿಳ್ಕೊಂಡು ನಾವು ಜ್ವಾಪಾನ ಮಾಡ್ತೇವಿ."

ಸುಶೀಲಕುಮಾರ ಎತ್ತಿದ ಚಹಾ ತುಟಿಯ ಹತ್ತಿರವೇ ನಿಂತಿತು. ನನಗೆ ನಗು ಬಂತೋ ಅಳು ಬಂತೋ ದೇವರಿಗೇ ಗೊತ್ತು, ಹೊರಗೆ ಬಂದದ್ದು ಮಾತ್ರ ಕೂಗು.

"ಅವ್ವಾ! ಇವರು ವರ ಅಲ್ಲ! ಸರ್ಕಾರಿ ಅಫೀಸರ್. ನಾ ಒಂದು ಹೆಣ್ಣುಕೂಸು ದತ್ತಕ ತಗೋಳ್ಲತ್ತೀನಿ. ಮದಿವಿ ಆಗದೇ, ನಾ ಒಬ್ಬಾಕಿನೇ. ಅದಕ್ಕ ಮನಿ ನೋಡಾಕ ಬಂದಾರ."

ಅತ್ತಿ ಹೋಳಿಗೆಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಸುಶೀಲಕುಮಾರ ಕಪ್ಪು ಕೆಳಗಿಟ್ಟರು.

"ಅಂದ್ರ ಇವರಿಗಿ ಗೊತ್ತೇ ಇಲ್ಲೇನ್ರಿ ಮೇಡಂ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಚೀಲದ ಜಿಪ್ ಎಳೆದು ಎದ್ದು ನಿಂತರು. "ನಾ ಮತ್ತೊಂದು ದಿನ ಬರ್ತೇನ್ರಿ. ಮೊದಲು ಮನ್ಯಾಗ ಮಾತಾಡ್ಕೊಳ್ರಿ."

ಅವ್ವ ಇನ್ನೂ ನೆಲ ನೋಡುತ್ತಿದ್ದಳು. ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಮುಗಿಯಿತು ಎಂದುಕೊಂಡೆ. ಅರ್ಜಿ ವಾಪಸ್ ಪಡೆಯಲು ಯಾರನ್ನು ಕೇಳಬೇಕು ಎಂಬ ಯೋಚನೆಯೂ ಬಂದುಹೋಯಿತು.

"ಕೂಡ್ರಿ," ಎಂದಳು ಅವ್ವ.

ಸುಶೀಲಕುಮಾರ ನನ್ನನ್ನು ನೋಡಿದರು.

"ನಿಮಗೇ ಹೇಳಿದ್ದರಿ ಸಾಹೇಬ್ರ. ಕೂಡ್ರಿ. ಚಹಾ ಅರ್ಧಾ ಬಿಟ್ಟು ಹೋಗಬಾರದು." ಅವರು ಕೂತರು. ಅವ್ವ ನನ್ನ ಕಡೆ ತಿರುಗಿದಳು. "ಕೆಳಗಿನ ಮನಿಯಾಕಿಗಿ ಗೊತ್ತು. ಸರ್ಕಾರಕ್ಕ ಗೊತ್ತು. ಹಡದಾಕಿಗಿ ಗೊತ್ತಿಲ್ಲ. ಹೌದಿಲ್ಲೋ?"

"ನೀ ಬ್ಯಾಡಂತಿದ್ದಿ ಅವ್ವಾ."

"ಅಂತಿದ್ದೆ," ಎಂದಳು ಅವ್ವ. "ದಸರಾಕ್ಕ ಕೇಳಿದ್ರ ಬ್ಯಾಡೇ ಅಂತಿದ್ದೆ. ಒದ್ದಾಡಿ ಬ್ಯಾಡಂತಿದ್ದೆ." ಕಟ್ಟಿನಿಂದ ಒಂದಿಷ್ಟು ಹಾಳೆ ತೆಗೆದು ಚಾಪೆಯ ಮೇಲೆ ಹರಡಿದಳು. ಮೊದಮೊದಲಿನವು ಸೊಟ್ಟ, ಆಮೇಲೆ ಆಮೇಲೆ ಗೆರೆ ನೇರವಾಗಿ, ಎಸಳುಗಳು ಒಂದೇ ಅಳತೆಗೆ ಬಂದಿದ್ದವು. "ಇವು ನೋಡು. ಇಲ್ಲಿತನ ಚುಕ್ಕಿ ಇಡೋ ಮುಂದ ಗಂಡು ನೆನೀತಿದ್ದೆ. ನೌಕರಿ ಇರಲಿ, ಮೀಸಿ ಇರಲಿ, ಕುಡಿಯಂವ ಇರಬಾರದು, ಹಿಂಗ. ಆದ್ರ ದಿನಾ ಅಷ್ಟೊತ್ತು ಒಂದರ ಮ್ಯಾಲೇ ಮನಸ್ಸು ಇಡಬೇಕಲ್ಲ, ಆ ಮನುಷ್ಯಾಗ ಮಾರಿನೇ ಇಲ್ಲ ನೋಡು, ಕಣ್ಣಿಲ್ಲ, ಮೂಗಿಲ್ಲ. ಎಷ್ಟು ನೆನೆದ್ರೂ ಮಾರಿ ಬರವಲ್ದು. ನಿನ್ನ ಮಾರಿ ಬರ್ತಿತ್ತು. ಅದೂ ಈಗಿಂದಲ್ಲ, ಸಣ್ಣಾಕಿದ್ದಾಗ ಹೊಲದಾಗ ಓಡ್ತಿದ್ದಿ, ಆ ಮಾರಿ. ಸಾಕಾಯ್ತು ನಂಗ ಅಂವನ ಹುಡುಕಿ. ಬಿಟ್ಟೆ. ಆಮ್ಯಾಲಿನಿಂದ ಬರೇ, 'ನನ್ನ ಬಸು ನಕ್ಕೋತ ಇರಲಿ' ಅಂತ ಚುಕ್ಕಿ ಇಟ್ಟೀನಿ."

"ಏನ್ ಅಂತಿ ಕಸ್ತೂರಿ?" ಅತ್ತಿ ಹೌಹಾರಿದಳು. "ನಮಗೆಲ್ಲಾ ಗಂಡು ಅಂತ ಹೇಳಿ, ನೀ ಬ್ಯಾರೆ ಬೇಡ್ಕೊಂಡಿದಿ?"

"ನೀವು ಬೇಡ್ರಿ, ಯಾರು ಬ್ಯಾಡಂದಾರ?" ಎಂದು ಅವ್ವ ಅವಳ ಬಾಯಿ ಮುಚ್ಚಿಸಿದಳು.

ಎಷ್ಟೋ ವರ್ಷದಿಂದ ನಾನು ಊರಿನ ಹೆಂಗಸರಿಗೆ ಸಂಕಲ್ಪ ಎಂದರೆ ಬೇಡುವುದಲ್ಲ ಎಂದು ಹೇಳುತ್ತಾ ಬಂದಿದ್ದೇನೆ. ನಿಜ ಹೇಳುತ್ತೇನೆ, ಅದು ಯಾರಿಗಾದರೂ ತಲುಪಿದ್ದನ್ನು ಅವತ್ತೇ ಮೊದಲ ಸಲ ನೋಡಿದ್ದು. ಅದೂ ನಾನು ಫೋನಿನಲ್ಲಿ ಕೂಗಾಡಿ ನಿಲ್ಲಿಸಲು ನೋಡಿದವಳಿಗೆ. ನಾನು ಅಲ್ಲೇ ಕುಸಿದು ಕೂತು, ಸುಶೀಲಕುಮಾರರ ಎದುರಿಗೇ, ಮೂಗು ಸೆರಗಿಗೆ ಒರೆಸಿಕೊಂಡು ಅತ್ತುಬಿಟ್ಟೆ. ಒಳ್ಳೆಯ ಇಳಕಲ್ ಸೀರೆ ಅದು.

"ಅಳಬ್ಯಾಡ, ಹುಚ್ಚಿ," ಎಂದು ಅವ್ವ ಬೆನ್ನ ಮೇಲೊಂದು ಹಾಕಿದಳು, ಮಮತೆಗೋ ಶಿಕ್ಷೆಗೋ. ಆಮೇಲೆ ಅಫೀಸರ್ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು. "ಹಾಂ, ಈಗ ಹೇಳ್ರಿ. ಕೂಸಿನ ಕಿವಿ ಚುಚ್ಚ್ಯಾರೋ ಇಲ್ಲೋ?"

"ಅಮ್ಮಾ, ಕೂಸು ಯಾವುದು ಅಂತ ಇನ್ನಾ—"

"ರಾತ್ರಿ ಯಾರ ಮಗ್ಗಲಾಗ ಮಲಗ್ತದ ಅಲ್ಲಿ? ಒಬ್ಬಾಕಿನ್ನೇ ಮಲಗಸ್ತಾರೇನು? ಜ್ವರ ಬಂದ್ರ ಯಾರು ನೋಡ್ತಾರ? ತಲಿ ಯಾರು ಬಾಚ್ತಾರ?"

"ಅಮ್ಮಾ, ಪ್ರಶ್ನೆ ಕೇಳಾಕ ಬಂದಾಂವ ನಾನ್ರಿ," ಎಂದರು ಸುಶೀಲಕುಮಾರ, ನಗು ತಡೆಯಲಾರದೆ. "ಕೂಸು ಇನ್ನಾ ಗೊತ್ತಾಗಿಲ್ರಿ. ಟೈಮ್ ಹಿಡಿತದ."

"ಲಗು ಹುಡುಕ್ರಿ ಮತ್ತ. ನಂಗೇನು ವಯಸ್ಸು ಹಿಂದ ಹೊಂಟದೇನು?" ಹೋಳಿಗೆಯ ಡಬ್ಬಿಯನ್ನು ಅತ್ತಿಯ ಕೈಯಿಂದ ಕಿತ್ತುಕೊಂಡು ಅವರ ಮುಂದೆ ತೆರೆದಿಟ್ಟಳು. "ತಿನ್ರಿ. ಮತ್ತ ಬರೀರಿ, ಅಜ್ಜ ಅದಾನ, ಅಜ್ಜಿ ಅದಾಳ, ಸೋದರಮಾವ ಅದಾನ ಅಂತ. ದೊಡ್ಡ ಅಕ್ಷರದಾಗ ಬರೀರಿ."

ಅವರು ಹೋದ ಮೇಲೆ ಅವ್ವ ಫೋನು ಹಿಡಿದು ಕೂತಳು. ಸಂತಪುರ, ಭಾಲ್ಕಿ, ಎಲ್ಲ ಕಡೆಗೂ ಒಂದೇ ಸುದ್ದಿ: ನೇಮ ಮುಂದುವರಿಯುತ್ತದೆ, ಆದರೆ ನಡುವೆ ಗಂಡು ಬೇಡ, ಕೂಸು ಇರಲಿ. ಕೂಸು ಬೇಗ ಬರಲಿ ಎಂದು ಬೇಡಲೇ ಎಂದವರಿಗೆ ಅವ್ವನ ಜವಾಬು, "ಏನೂ ಬೇಡಬ್ಯಾಡ್ರಿ. ಅದು ಎಲ್ಲೇ ಇದ್ರೂ ಇವತ್ತ ಹೊಟ್ಟಿ ತುಂಬ ಉಣ್ಣಲಿ ಅಂತಷ್ಟ ಅನ್ರಿ." ಅಮಿತಕುಮಾರ ನನಗೆ ಫೋನು ಮಾಡಿ, "ಅಕ್ಕಾ, ಭಾಳ ಉಪಕಾರ ಆಯ್ತು, ಇನ್ನೊಂದಿಷ್ಟು ದಿನ ಶಾಂತಿ" ಎಂದ. ಆಮೇಲೆ ದನಿ ತಗ್ಗಿಸಿ, "ಮಾವ ಅಂತ ಕರೀತದಲ್ಲ ನಂಗ?" ಎಂದು ಕೇಳಿದ.

ಕಾಯುವುದು ಸುಲಭವಿರಲಿಲ್ಲ. ಬೇಸಿಗೆ ಬಂತು, ಹೋಯಿತು. ದಿನಾ ಸಂಜೆ ಶಾಲೆಯಿಂದ ಬಂದು ನಾನೂ ಬರೆಯಲು ಕೂರುತ್ತಿದ್ದೆ. ಹಾಳೆ ಹರಿಯಬೇಕು ಅನ್ನಿಸುವಷ್ಟು ಕಾತರ ಬಂದಾಗ ಉಸಿರು ಬಿಟ್ಟು ಒಂದು ಎಸಳು, ಉಸಿರು ಎಳೆದು ಇನ್ನೊಂದು. ಆಗ ಹಾಳೆ ಹರಿಯದೆ ಉಳಿಯುತ್ತಿತ್ತು. ಅಷ್ಟೇ ಅದರ ಪವಾಡ, ಅಷ್ಟು ಸಾಕಾಗುತ್ತಿತ್ತು.

ಮುಂಗಾರು ಬಿದ್ದು ಸೋಯಾಬೀನ್ ಬಿತ್ತನೆ ನಡೆದಿರುವಾಗ ಪೂನಮ ಬಂದಳು. ನಾಲ್ಕು ತುಂಬಿದ ಹುಡುಗಿ, ದೊಡ್ಡ ಕಣ್ಣು, ಗಿಡ್ಡ ಕೂದಲು, ಕಿವಿ ಚುಚ್ಚಿರಲಿಲ್ಲ. ಅವ್ವ ಅವಳಿಗಾಗಿ ಊರು ಬಿಟ್ಟು ಬೀದರಿಗೆ ಬಂದು ಠಿಕಾಣಿ ಹೂಡಿದಳು. ನಿನಗೆ ಅಡುಗೆ ಯಾರು ಮಾಡುತ್ತಾರೆ ಎಂದು ಅಪ್ಪನನ್ನು ಕೇಳಿದರೆ, "ನಾ ಮಾಡ್ಕೋತೇನಿ, ನೀ ಹೋಗು" ಎಂದನಂತೆ. ಆ ವರ್ಷದ ಅವನ ಮಾತಿನಲ್ಲಿ ಅರ್ಧ ಅಲ್ಲಿಗೇ ಖರ್ಚಾಯಿತು.

ಹುಡುಗಿ ಮೊದಲ ಸಂಜೆಯೇ ಅವ್ವನನ್ನು "ಅಜ್ಜಿ" ಎಂದಳು. ಅವ್ವ ಅದನ್ನು ಕೇಳಿ ಮೂರು ಬಾರಿ ಏನು ಏನು ಎಂದು ಮತ್ತೆ ಅನ್ನಿಸಿಕೊಂಡಳು. ಭಾಲ್ಕಿಯಿಂದ ಬಂದ ಅಮಿತಕುಮಾರ ಒಂದು ಚಾಕಲೇಟಿಗೆ "ಮಾವ" ಆದ. ಚಂದ್ರಭಾಗಾ ಅತ್ತಿ ಕೂಡ ಏನೋ ಆದಳು. ನಾನು ಮಾತ್ರ "ಟೀಚರ್." ಭಾನುವಾರದ ಹೆಂಗಸರು ಹಾಗೆ ಕರೆಯುವುದನ್ನು ಕೇಳಿ ಅವಳೂ ಅದನ್ನೇ ಹಿಡಿದಳು. "ಟೀಚರ್, ನೀರು." "ಟೀಚರ್, ಉಚ್ಚಿ."

ಹೊಟ್ಟೆ ಉರಿಯಲಿಲ್ಲ ಎಂದರೆ ನಾಲಿಗೆ ಬಿದ್ದು ಹೋದೀತು. ಕೂಸನ್ನು ಅಜ್ಜಿ ಒಪ್ಪದೆ ಹೋದರೆ ಎಂದು ಅಂಜಿ ಅಂಜಿ ಸತ್ತವಳು ನಾನು. ಈಗ ಕೂಸಿಗೆ ಅಜ್ಜಿ ಸಿಕ್ಕಳು, ನನಗೇ ಕೂಸು ಸಿಕ್ಕಿರಲಿಲ್ಲ. ಅವ್ವ ಅವಳಿಗೆ ಹೇಳಿಕೊಡಲು ನೋಡಿದಳು, "ಟೀಚರ್ ಅಲ್ಲ ಬಾಳಾ, ಅವ್ವ ಅನ್ನು." ಹುಡುಗಿ ನನ್ನ ಕಡೆ ನೋಡಿ, ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬಿಡವ್ವಾ, ಅನ್ನಸಬ್ಯಾಡ," ಎಂದೆ. ಕೇಳಿ ತೆಗೆದುಕೊಳ್ಳುವ ಮಾತಲ್ಲ ಅದು, ಅಷ್ಟು ನನಗೂ ಗೊತ್ತಿತ್ತು. ಸುಮ್ಮನೆ ಅವಳ ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಅವಳು ತನ್ನ ಹಾಳೆಯಲ್ಲಿ ತನಗೆ ತೋಚಿದ್ದು ಬರೆಯುತ್ತಿದ್ದಳು. ಒಂದು ದಿನ ತನ್ನ ಹಾಳೆಯನ್ನು ಎಳೆದು ಎಳೆದು ನನ್ನ ಮೊಣಕಾಲಿಗೆ ತಾಗಿಸಿಟ್ಟಳು. ನಾನು ಉಸಿರಾಡುವುದಕ್ಕೂ ಅಂಜಿದೆ.

ಶ್ರಾವಣದ ಒಂದು ಸಂಜೆ ಅವ್ವ ಕೆಳಗೆ ಅಂಜುಮ ಆಪಾ ಹತ್ತಿರ ಪೂನಮಳ ಲಂಗ ಹೊಲಿಸಲು ಹೋಗಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಪೂನಮ ಅಡುಗೆಮನೆಯ ಬಾಗಿಲಲ್ಲಿ ಕೂತು ಹಿಟ್ಟಿನ ಡಬ್ಬಿಯ ಮುಚ್ಚಳದ ಸುತ್ತ ಸೀಮೆಸುಣ್ಣ ಎಳೆಯುತ್ತಿದ್ದಳು. ನಾಲಿಗೆಯ ತುದಿ ಹೊರಗೆ, ಹುಬ್ಬು ಗಂಟು, ಇಡೀ ಜಗತ್ತು ಆ ಗೆರೆಯೊಳಗೆ. ನಾನು ಕೈಯಲ್ಲಿ ಹಿಟ್ಟು ಹಿಡಿದುಕೊಂಡು ಅವಳನ್ನೇ ನೋಡುತ್ತಾ ನಿಂತುಬಿಟ್ಟೆ. ಏನು ನೆನೆಯುತ್ತಿದ್ದೆನೋ, ಏನೂ ನೆನೆಯುತ್ತಿರಲಿಲ್ಲವೋ.

ಅವಳು ಮೂಗು ಮೇಲೆತ್ತಿ ವಾಸನೆ ಹಿಡಿದಳು. ಹಂಚಿನ ಕಡೆ ನೋಡಿದಳು. ಸೀಮೆಸುಣ್ಣ ಬಿಸಾಕಿ ಎದ್ದು ನಿಂತು, ಮನೆ ಹಾರಿಹೋಗುವಂತೆ ಕೂಗಿದಳು:

"ಅವ್ವಾ! ಏ ಅವ್ವಾ! ರೊಟ್ಟಿ ಹೊತ್ತಲತ್ತದ!"

ಆ ರೊಟ್ಟಿ ಪೂರಾ ಕರ್ರಗಾಯಿತು. ಆಗಲಿ ಬಿಡಿ, ನಾನು ಇಳಿಸಲಿಲ್ಲ.